ಹೆಸರು ಒಬ್ಬರದು, ಕೈ ಇನ್ನೊಬ್ಬರದು!

1969ರ ‘ಆರಾಧನಾ’ ಅಂದ್ರೆ ನಿಮಗೆ ರಾಜೇಶ್ ಖನ್ನಾ ನೆನಪಾಗ್ತಾನೆ. ಆ ಚಿತ್ರದ ಹಾಡಿನಲ್ಲಿ ಮೈ ಜುಮ್ ಅನ್ನಿಸುವ ಸ್ಯಾಕ್ಸೋಫೋನ್ ಊದಿದ ಮನೋಹರಿ ಸಿಂಗ್ ಎಷ್ಟು ಜನರಿಗೆ ಗೊತ್ತು? 1994ರ ತಮಿಳಿನ ‘ಡ್ಯುಯೆಟ್’ನಲ್ಲಿ ಪರದೆ ಮೇಲೆ ಊದುವವನು ಪ್ರಭು, ಕೇಳಿಸುವುದು ನಮ್ಮ ಕದ್ರಿ ಗೋಪಾಲನಾಥರ ಉಸಿರು. ಮುಖ ಒಬ್ಬರದು, ಉಸಿರು ಇನ್ನೊಬ್ಬರದು!

ಸ್ಯಾಕ್ಸೋಫೋನಿನ ಮೈಮೇಲೂ ಇದೇ ಆಟ ನಡೆದದ್ದುಂಟು. ನಮ್ಮ ದಿಗ್ಗೇವಾಡಿ ಕಡೆ ಬ್ಯಾಂಡ್‌ಸೆಟ್ಟಿನ ಹುಡುಗನೊಬ್ಬ ಹಳೇ ಡೊಂಕು ಸೊಪ್ರಾನೋ ಒಂದನ್ನು ಕೊಳ್ಳಲು ಹೊರಟಿದ್ದ. ನೇರ ಸೊಪ್ರಾನೋ ಕ್ಲಾರಿನೆಟ್ಟಿನಂತೆ ಕಾಣುತ್ತೆ; ಡೊಂಕಿನದು ದೊಡ್ಡ ಸ್ಯಾಕ್ಸೋಫೋನಿನ ಮರಿಯಂಗೆ, ಎದೆಗೆ ಅವುಚಿ ಹಿಡಿಯುವಷ್ಟು ಮುದ್ದಾಗಿರುತ್ತೆ. ಮಾರುವವ, “ಅಸಲಿ ಫ್ರಾನ್ಸ್ ಮಾಲು” ಅಂತ ಆಣೆ ಹಾಕಿದ್ದ. ಹುಡುಗನ ಕೈಯಲ್ಲಿದ್ದದ್ದು ಒಂದಿಡೀ ಲಗ್ನದ ಹಂಗಾಮಿನ ದುಡಿಮೆ. “ಏನ್ಮಾಡ್ಲಿ ಅಣ್ಣಾ?” ಅಂದ.

ಅಗಲ ಬಾಯಿಯ ಮೇಲೆ ಹೂಬಳ್ಳಿಯ ಕೆತ್ತನೆ, ನಡುವೆ ಸವೆದ ಹೆಸರು. ಅದನ್ನು ಬಿಡು ಅಂದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಸ್ಯಾಕ್ಸೋಫೋನಿನ ಹುಚ್ಚು ಹತ್ತಿದಾಗ ಇಂಡಿಯಾನಾದ ಎಲ್ಖಾರ್ಟ್ ಎಂಬ ಒಂದೇ ಊರಿನಲ್ಲಿ ಕಾನ್, ಬುಷರ್, ಮಾರ್ಟಿನ್ ಎಂಬ ಮೂರು ದೊಡ್ಡ ಕಾರ್ಖಾನೆ. ಅವು ಸ್ವಂತ ಹೆಸರಿನಲ್ಲಿ ಮಾರಿದ್ದಲ್ಲದೆ, ಅಂಗಡಿಯವರು ಹೇಳಿದ ಹೆಸರನ್ನೂ ಕೆತ್ತಿ ಕೊಡುತ್ತಿದ್ದವು. ಅಂದ ಮೇಲೆ ಬಾಯಿ ಮೇಲಿನ ಹೆಸರು ಮಾರಿದವನದೂ ಇರಬಹುದು!

ಮಾಡಿದವನನ್ನು ಹಿಡಿಯೋದು ಹ್ಯಾಂಗೆ? ತೂತು ನೋಡಬೇಕು. ಪ್ಯಾಡು ಎತ್ತಿ ಅಂಚಿಗೆ ಉಗುರು ತಾಗಿಸಿ. ಸ್ಟೀಲ್ ಲೋಟದ ಅಂಚಿನಂಗೆ ಹೊರಕ್ಕೆ ಸುತ್ತಿದ್ದರೆ ಅದು ಕಾನ್. ತೂತಿನ ಗೋಡೆಯನ್ನು ಬೇರೆ ಮಾಡಿ ಕೊಳವೆಗೆ ಬೆಸೆದಿದ್ದು, ಬುಡದಲ್ಲಿ ಬೆಸುಗೆ ಗೆರೆ ಕಂಡರೆ ಮಾರ್ಟಿನ್. ಎರಡೂ ಇಲ್ಲದೆ, ಕೊಳವೆಯ ತಗಡನ್ನೇ ಮೇಲೆಳೆದು ಅಂಚು ಸಪಾಟಾಗಿ ಬಿಟ್ಟಿದ್ದರೆ ಬುಷರ್ ಇರಬಹುದು, ಇಲ್ಲಾ ಕಾನ್ ಬೇರೆಯವರ ಹೆಸರಿಗೆ ಮಾಡಿಕೊಟ್ಟದ್ದಿರಬಹುದು. ಆಗ ಹಿಂದೆ ಹೆಬ್ಬೆರಳ ಕೊಂಡಿಯ ಹತ್ತಿರ ನೋಡಿ. ಹೀಗೆ ತಗಡನ್ನೇ ಎಳೆದು ತೂತು ಮಾಡುವ ವಿಧಾನಕ್ಕೆ ಸಿಕ್ಕ ಪೇಟೆಂಟಿನ ತಾರೀಖು 1914 ಡಿಸೆಂಬರ್ 8. ಅದು ಅಲ್ಲಿ ಒತ್ತಿದ್ದರೆ ಬೆರಳು ಕಾನ್ ಕಡೆ ತೋರಿಸುತ್ತೆ.

ಅದೇ ಜಾಗದಲ್ಲಿ ಇನ್ನೊಂದು ಗುರುತು ಇರುತ್ತೆ. ದುಡ್ಡು ಉಳಿಸುವುದೇ ಅದು! ‘ಎಲ್’ ಅಥವಾ ‘ಲೋ ಪಿಚ್’ ಅಂತಿದ್ದರೆ ಇಂದಿನ 440ರ ಶ್ರುತಿ. ‘ಹೆಚ್’ ಅಂತಿದ್ದರೆ ಸುಮಾರು 457ರ ಹಳೇ ಎತ್ತರದ ಶ್ರುತಿ. ಹಾರ್ಮೋನಿಯಮ್ಮಿನ ಬಿಳಿ ಪಟ್ಟಿಗೂ ಪಕ್ಕದ ಕರಿ ಪಟ್ಟಿಗೂ ಇರುವ ಅಂತರದಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಲೆ! ಊದುವ ತುದಿಯನ್ನು ಹೊರಗೆಳೆದರೂ ಸ್ವರ ಸ್ವರಕ್ಕೂ ಜಗಳ ತಪ್ಪಲ್ಲ. ಅಂಥದ್ದು ಗಾಜಿನ ಕಪಾಟಿಗೆ ಸೈ, ಚಿಂಚಲಿ ಮಾಯಕ್ಕನ ಜಾತ್ರಿಗೆ ಅಲ್ಲ.

ನಮ್ಮ ಹುಡುಗ ಉಗುರು ತಾಗಿಸಿದ. ಬುಡದಲ್ಲಿ ಬೆಸುಗೆ! ಹಿಂದೆ ‘ಲೋ ಪಿಚ್’! ಫ್ರಾನ್ಸೂ ಇಲ್ಲ, ಏನೂ ಇಲ್ಲ, ಎಲ್ಖಾರ್ಟಿನ ಮಾರ್ಟಿನ್. ಆಣೆ ಹಾಕಿದವನ ಮುಖ ಸಪ್ಪಗಾಯ್ತು, ರೇಟು ಇಳೀತು. ವಾದ್ಯ ಮಾತ್ರ ಚೊಕ್ಕ ಇತ್ತು, ಹುಡುಗ ತಗೊಂಡ.

ಆ ಸೊಪ್ರಾನೋ ಮಾಡಿದ ಕೆಲಸಗಾರನ ಹೆಸರು ಅದರ ಮೇಲೆಲ್ಲೂ ಇಲ್ಲ. ಅವನ ಬೆಸುಗೆ ಮಾತ್ರ ನೂರು ವರ್ಷದ ಹತ್ತಿರ ಬಂದರೂ ಬಿಟ್ಟಿಲ್ಲ. ಮುಂದಿನ ಸಲ ಹಾಡಿನ ನಡುವೆ ಸ್ಯಾಕ್ಸೋಫೋನ್ ಕೇಳಿದಾಗ ಹೀರೋಗೆ ಸೀಟಿ ಹೊಡೀರಿ, ಬೇಡ ಅನ್ನಲ್ಲ... ಊದಿದವನಿಗೂ, ಅದನ್ನು ಮಾಡಿದವನಿಗೂ ಒಂದೊಂದು ಇರಲಿ!