ಮೂಗು ತಿದ್ದಬೇಡಿ ಮಾರಾಯ್ರೆ

1/7
ಸೈಡ್ ಫೇಸ್ ಸುಲಭ ಅಂತ ಹೇಳುವವರಿಗೆ ಈ ಸರಣಿ. ಒಂದೇ ಕಣ್ಣು, ಅರ್ಧ ಬಾಯಿ, ಒಂದು ಕಿವಿ, ಅಲ್ಲಿಗೆ ಮುಗೀತು ಅಂತ ನಿಮ್ಮ ಲೆಕ್ಕ. ನೀವು ಟ್ಯಾಗ್ ಮಾಡಿದ ಚಿತ್ರಗಳನ್ನೆಲ್ಲ ನೋಡಿದ್ದೇನೆ. ಕೈ ಚೆನ್ನಾಗುಂಟು, ಅದರಲ್ಲಿ ಎರಡು ಮಾತಿಲ್ಲ. ಕೂದಲಿನ ಒಂದೊಂದು ಎಳೆ ಬಿಡಿಸ್ತೀರಿ, ಸೀರೆಯ ಜರಿ ಹೊಳೀತದೆ, ಕಿವಿಯ ಓಲೆಗೆ ಅರ್ಧ ರಾತ್ರಿ ಕೂತಿರ್ತೀರಿ. ಆದರೆ ಮಡಂತ್ಯಾರಿನ ಅಜ್ಜಿಗೂ ಪುಂಜಾಲಕಟ್ಟೆಯ ಮಾವನಿಗೂ ಗುರುವಾಯನಕೆರೆಯ ಅಕ್ಕನಿಗೂ ಮೂಗು ಮಾತ್ರ ಒಂದೇ. ಸಪೂರ, ನೇರ, ತುದಿ ಸ್ವಲ್ಪ ಮೇಲೆ. ಎಲ್ಲಿಂದ ಬಂತು ಆ ಮೂಗು? ನಮ್ಮ ಊರಿನ ಬಸ್ಸಲ್ಲಿ ಆ ಮೂಗಿನವರು ಎಷ್ಟು ಜನ ಹತ್ತುತ್ತಾರೆ, ನೀವೇ ಎಣಿಸಿ ನೋಡಿ.

ಇದನ್ನು ನೀವು "ಸ್ವಲ್ಪ ಚೆಂದ ಮಾಡಿದ್ದು" ಅಂತೀರಿ. ನಾನು ಸುಳ್ಳು ಅಂತೇನೆ. ಜಗಳಕ್ಕೇ ಬಂದದ್ದು, ಸ್ವೈಪ್ ಮಾಡಿ.

2/7
ಮೊದಲು ಕೆಲಸದ ಮಾತು.

ಎದುರಿನಿಂದ ಬಿಡಿಸುವಾಗ ಮೂಗನ್ನು ಶೇಡಿಂಗಲ್ಲಿ ಮುಚ್ಚಿಬಿಡಬಹುದು. ಎರಡು ಹೊಳ್ಳೆಯ ಚುಕ್ಕೆ, ಬದಿಯಲ್ಲಿ ಒಂದು ನೆರಳು, ಸಾಕು. ಪಕ್ಕದಿಂದ ಬಿಡಿಸುವಾಗ ಆ ದಾರಿ ಬಂದ್. ಹಣೆ, ಹುಬ್ಬಿನ ಉಬ್ಬು, ಮೂಗಿನ ಬುಡದ ತಗ್ಗು, ಮೂಗಿನ ಬೆನ್ನು, ತುದಿ, ಮೇಲ್ದುಟಿ, ಕೆಳದುಟಿ, ಗಲ್ಲ, ಎಲ್ಲ ಒಂದೇ ಗೆರೆಯಲ್ಲಿ ಬರಬೇಕು. ಆ ಗೆರೆ ಒಂದು ಅಕ್ಕಿಕಾಳಿನಷ್ಟು ಆಚೀಚೆ ಆದರೆ ಬೇರೆಯೇ ಮನುಷ್ಯ. ಎಷ್ಟೋ ಸಲ ಗುರುತು ಇರುವುದೇ ಆ ಗೆರೆಯಲ್ಲಿ. ಕರೆಂಟ್ ಹೋದ ಮಳೆಗಾಲದ ರಾತ್ರಿ ಮೇಣದಬತ್ತಿ ಹಚ್ಚಿದಾಗ ಗೋಡೆ ಮೇಲೆ ಬೀಳುವ ನೆರಳು ನೋಡಿ. ಕಣ್ಣಿಲ್ಲ, ಬಣ್ಣ ಇಲ್ಲ, ಆದರೂ "ಅದು ದೊಡ್ಡಮ್ಮ" ಅಂತ ಗೊತ್ತಾಗ್ತದಲ್ಲ. ಚಿತ್ರಕಲೆ ಹುಟ್ಟಿದ್ದೇ ಹೀಗೆ ಅಂತ ರೋಮಿನ ಪ್ಲಿನಿ ಒಂದು ಕಥೆ ಬರೆದಿಟ್ಟಿದ್ದಾನೆ: ದೂರ ಹೊರಟ ಪ್ರಿಯಕರನ ನೆರಳು ದೀಪದ ಬೆಳಕಲ್ಲಿ ಗೋಡೆಗೆ ಬಿದ್ದಾಗ ಕುಂಬಾರನ ಮಗಳು ಅದರ ಅಂಚಿಗೆ ಗೆರೆ ಎಳೆದಳಂತೆ. ಅವಳು ಮೂಗು ತಿದ್ದಿದ್ದರೆ ಆ ಗೆರೆ ಅವಳಿಗೆ ಯಾವ ಪ್ರಯೋಜನಕ್ಕೆ?

3/7
ಮೂಗಿನ ವಿಷಯ ಬಿಟ್ಟರೂ ನಿಮ್ಮ ಸೈಡ್ ಫೇಸಲ್ಲಿ ಬೇರೆ ಗಲಾಟೆ ಉಂಟು. ಹೇಳಿಯೇ ಬಿಡ್ತೇನೆ.

ಅರ್ಧ ಮಂಡೆ ಕತ್ತರಿಸಿ ಬಿಸಾಡ್ತೀರಿ. ಮುಖದ ಮೇಲೆಯೇ ಗಮನ ಇರುವ ಕಾರಣ ಕಿವಿಯ ಹಿಂದೆ ಸ್ವಲ್ಪ ಕೂದಲು ಹಚ್ಚಿ ಮುಗಿಸ್ತೀರಿ. ಪಕ್ಕದಿಂದ ನೋಡಿದರೆ ತಲೆ ಎಷ್ಟು ಎತ್ತರವೋ ಹಿಂದಕ್ಕೂ ಸುಮಾರು ಅಷ್ಟೇ ಉದ್ದ. ಒಂದು ಚೌಕದೊಳಗೆ ಕೂರ್ತದೆ. ಕಿವಿ ಬರುವುದು ಆ ಚೌಕದ ನಡುಗೆರೆಯ ಹಿಂದೆ, ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ, ಸ್ವಲ್ಪ ಹಿಂದಕ್ಕೆ ವಾಲಿ. ಕಣ್ಣು ನೆತ್ತಿಗೂ ಗಲ್ಲಕ್ಕೂ ಸರಿಯಾಗಿ ಮಧ್ಯ. ಅದು ಬಾದಾಮಿ ಆಕಾರ ಅಲ್ಲ, ಮಲಗಿಸಿಟ್ಟ ತ್ರಿಕೋನದ ಹಾಗೆ, ಮೂಗಿನ ಬುಡಕ್ಕಿಂತ ಒಳಗೆ. ಪ್ರೊಫೈಲಿಗೆ ಎದುರುಮುಖದ ಪೂರ್ತಿ ಕಣ್ಣು ಅಂಟಿಸಿದರೆ ಅದು ಪೋರ್ಟ್ರೇಟ್ ಅಲ್ಲ, ಈಜಿಪ್ಟಿನ ಗೋಡೆ. ಕುತ್ತಿಗೆ ಕಂಬದ ಹಾಗೆ ನೆಟ್ಟಗೆ ಇಳಿಯುವುದಿಲ್ಲ, ಬೆನ್ನಿನಿಂದ ಮುಂದಕ್ಕೆ ವಾಲಿಕೊಂಡು ಬರ್ತದೆ. ಬೀಡಿ ಕಟ್ಟುವ ಅಮ್ಮಂದಿರನ್ನು ಪಕ್ಕದಿಂದ ನೋಡಿದವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಮಡಿಲಲ್ಲಿ ತಡ್ಪೆ, ಬಗ್ಗಿದ ಕತ್ತು, ಗಂಟೆಗಟ್ಟಲೆ ಒಂದೇ ಭಂಗಿ. ಅಂಥ ಮಾಡೆಲ್ ಯಾವ ಆರ್ಟ್ ಸ್ಕೂಲಲ್ಲೂ ಪುಕ್ಕಟೆ ಸಿಗುದಿಲ್ಲ.

ಹಲ್ಲಿಲ್ಲದ ಅಜ್ಜಿಯ ಬಾಯಿ ನೋಡಿ. ತುಟಿಗೆ ಒಳಗಿಂದ ಆಧಾರ ಕೊಡುವುದು ಹಲ್ಲು. ಅದು ಹೋದ ಮೇಲೆ ತುಟಿ ಒಳಗೆ ಬೀಳ್ತದೆ, ಗಲ್ಲ ಮೇಲೆ ಬಂದು ಮೂಗಿಗೆ ಹತ್ತಿರ ಆಗ್ತದೆ. ಇಡೀ ಜೀವಮಾನದ ಎಲೆಯಡಿಕೆ ಆ ಬಾಯಲ್ಲಿ ಉಂಟು. ಮೂಗುತಿಯ ಭಾರಕ್ಕೆ ಹೊಳ್ಳೆಯ ತೂತು ಅಗಲ ಆಗಿರ್ತದೆ, ಕಿವಿಯ ಹಾಲೆ ಜೋತಿರ್ತದೆ. ನೀವು ಅಲ್ಲಿಗೆ ಇಪ್ಪತ್ತೈದರ ಹುಡುಗಿಯ ತುಟಿ ಇಟ್ಟು, ಕೆನ್ನೆಗೆ ನಾಲ್ಕು ಸುಕ್ಕು ಗೀಚಿ, ಕೆಳಗೆ "ನನ್ನ ಪ್ರೀತಿಯ ಅಜ್ಜಿ" ಅಂತ ಬರೀತೀರಿ. ಅಜ್ಜಿ ಎಲ್ಲಿದ್ದಾರೆ ಅದರಲ್ಲಿ?

4/7
ಈಗ ನಿಜವಾದ ಜಗಳ. "ಚೆಂದದ ಮೂಗು" ಅಂತ ನಿಮಗೆ ಯಾರು ಹೇಳಿಕೊಟ್ಟದ್ದು?

ಪಕ್ಕದಿಂದ ಕಾಣುವ ಮುಖಕ್ಕೆ ಒಂದು ಕೆಟ್ಟ ಚರಿತ್ರೆ ಉಂಟು. 18ನೇ ಶತಮಾನದಲ್ಲಿ ಪೀಟರ್ ಕ್ಯಾಂಪರ್ ಅಂತ ಒಬ್ಬ ಡಚ್ ವೈದ್ಯ, ಚಿತ್ರವೂ ಬಿಡಿಸುವವ, ಹಣೆಯಿಂದ ದವಡೆಗೆ ಗೆರೆ ಎಳೆದು ಮುಖದ ಕೋನ ಅಳೆದ. ಅವನ ಚಿತ್ರಸಾಲಿನಲ್ಲಿ ಒಂದು ತುದಿಗೆ ಮಂಗ, ಇನ್ನೊಂದು ತುದಿಗೆ ಗ್ರೀಕ್ ಶಿಲ್ಪ, ನಡುವೆ ಆಫ್ರಿಕಾದವರು, ಏಷ್ಯಾದವರು, ಯುರೋಪಿನವರು, ಎಲ್ಲ ಪ್ರೊಫೈಲಲ್ಲಿ. ಅವನ ನಂತರದವರು ಅದನ್ನೇ ಯಾರು ಮೇಲು ಯಾರು ಕೀಳು ಅನ್ನುವ ಏಣಿ ಮಾಡಿಕೊಂಡರು.

ದೂರದ ಕಥೆ ಅಂತ ಬಿಡಬೇಡಿ, ಅದು ನಮ್ಮಲ್ಲಿಗೂ ಬಂತು. ಹರ್ಬರ್ಟ್ ರಿಸ್ಲಿ ಅನ್ನುವ ಬ್ರಿಟಿಷ್ ಅಧಿಕಾರಿ 1891ರಲ್ಲಿ ಬಂಗಾಳದ ಜಾತಿಗಳ ಬಗ್ಗೆ ಪುಸ್ತಕ ಮಾಡಿದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ ಒಂದು ಸಂಖ್ಯೆ ತೆಗೆಯುವುದು, ಆಮೇಲೆ ಮೂಗು ಅಗಲ ಆದಷ್ಟೂ ಜಾತಿ ಕೆಳಗೆ ಅಂತ ವಾದ ಮಾಡುವುದು. ಇವನೇ 1901ರ ಜನಗಣತಿಯ ಮುಖ್ಯಸ್ಥನೂ ಆದ. ಮದ್ರಾಸಿನಲ್ಲಿ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಅಳತೆಯ ಸಲಕರಣೆ ಹಿಡಿದು ದಕ್ಷಿಣದಲ್ಲಿ ಇದೇ ಕೆಲಸ ಮಾಡಿದ. 1909ರಲ್ಲಿ 7 ಸಂಪುಟ ಬಂತು. 1956ರ ತನಕ ನಮ್ಮ ಜಿಲ್ಲೆ ಮದ್ರಾಸಿಗೇ ಸೇರಿತ್ತಲ್ಲ, ಹಾಗಾಗಿ ಆ ಸಂಪುಟಗಳಲ್ಲಿ ಬಂಟರೂ ಉಂಟು, ಬಿಲ್ಲವರೂ ಉಂಟು, ಕೊರಗರೂ ಉಂಟು. ನಮ್ಮವರ ಹಿರಿಯರೇ.

ಮೂಗಿನಿಂದ ಮನುಷ್ಯನ ಯೋಗ್ಯತೆ ಅಳೆಯುವ ಆ ಲೆಕ್ಕವನ್ನು ಇವತ್ತು ಯಾವ ವಿಜ್ಞಾನಿಯೂ ಒಪ್ಪುದಿಲ್ಲ. ಆದರೆ ನಿಮ್ಮ ರಬ್ಬರ್ ಒಪ್ತದೆ. ಅಗಲ ಮೂಗು ಕಂಡ ಕೂಡಲೇ ಅದು ಓಡಿ ಬರ್ತದೆ. ಮೂಗಿನ ನೇರಕ್ಕೆ ಮಾತಾಡುದು ಅಂತೇವಲ್ಲ, ಇಲ್ಲಿ ಬೇರೆ ಯಾರದ್ದೋ ಮೂಗಿನ ನೇರಕ್ಕೆ ನಮ್ಮ ಮನೆಯವರ ಮುಖ ಎಳೆಯುವುದು.

5/7
ಬಣ್ಣದ್ದೂ ಇದೇ ಕಥೆ. ಪೋಸ್ಟರ್ ಕಲರ್ ಬಾಕ್ಸಲ್ಲಿ "ಸ್ಕಿನ್ ಕಲರ್" ಅಂತ ನಾವು ಕರೆಯುವ ಆ ತಿಳಿಗುಲಾಬಿ ಯಾರ ಸ್ಕಿನ್? ಅಮೆರಿಕದ ಕ್ರಯೋಲಾ ಕಂಪೆನಿ ತನ್ನ ಬಳಪದ "ಫ್ಲೆಶ್" ಅನ್ನುವ ಹೆಸರು ತೆಗೆದು "ಪೀಚ್" ಅಂತ ಇಟ್ಟದ್ದು 1962ರಲ್ಲಿ. ನಾವಿನ್ನೂ ಕ್ಲಾಸಲ್ಲಿ "ಆ ಸ್ಕಿನ್ ಕಲರ್ ಸ್ವಲ್ಪ ಕೊಡು" ಅಂತಲೇ ಕೇಳ್ತೇವೆ.

ಕಪ್ಪು ಮೈಬಣ್ಣ ಮಾಡುವುದು ಕಷ್ಟ ಅಂತ ಹೇಳಬೇಡಿ. ಬರ್ನ್ಟ್ ಸಿಯೆನ್ನಾ ತೆಗೊಳ್ಳಿ, ಅದು ಮಳೆಗೆ ನೆನೆದ ನಮ್ಮ ಕೆಂಪುಕಲ್ಲಿನ ಬಣ್ಣವೇ. ಅದಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸ್ತಾ ಹೋದರೆ ಎಷ್ಟು ಗಾಢ ಬೇಕೋ ಅಷ್ಟು ಆಗ್ತದೆ, ಜೀವವೂ ಇರ್ತದೆ. ಬೆಳಕು ಬಿದ್ದ ಕಡೆ ಯೆಲ್ಲೋ ಓಕರ್. ಟ್ಯೂಬಿನ ಕಪ್ಪು ಸುರಿದು ಮೇಲೆ ಬಿಳಿ ಹಚ್ಚಿದರೆ ಬೂದಿ ಬಣ್ಣ ಬರ್ತದೆ, ಆಮೇಲೆ "ಡಾರ್ಕ್ ಸ್ಕಿನ್ ಚೆಂದ ಬರುದಿಲ್ಲ" ಅಂತ ದೂರು. ಜಗಲಿಯಲ್ಲಿ ಕೂರಿಸಿ, ಅಂಗಳದ ಕಡೆಯಿಂದ ಬೆಳಕು ಬರಲಿ. ಮೋಡದ ದಿನ ಹಣೆ ಮೇಲೆ, ಮೂಗಿನ ಬೆನ್ನ ಮೇಲೆ ಬೀಳುವ ಹೊಳಪು ಬಿಳಿ ಅಲ್ಲ, ತೆಳು ನೀಲಿ. ಅದನ್ನು ಒಂದು ಸಲ ಕಂಡವರು ಮತ್ತೆ ಆ ಗುಲಾಬಿ ಡಬ್ಬಿ ಮುಟ್ಟಲಿಕ್ಕಿಲ್ಲ.

6/7
ನೀವು ಹೇಳುವುದು ಗೊತ್ತುಂಟು: "ಆರ್ಡರ್ ಕೊಟ್ಟವರೇ ಕೇಳ್ತಾರೆ." ಹೌದು, ಕೇಳ್ತಾರೆ. ಉತ್ತರಕ್ರಿಯೆಗೆ ಫ್ರೇಮ್ ಹಾಕಿಸಲಿಕ್ಕೆ ಅಂತ ವೋಟರ್ ಐಡಿಯ ಫೋಟೋ ಹಿಡ್ಕೊಂಡು ಬಂದವರು "ಸ್ವಲ್ಪ ಬೆಳ್ಳಗೆ ಮಾಡಿ, ಮೂಗು ಸ್ವಲ್ಪ ಸಣ್ಣ ಮಾಡಿ" ಅಂತ ನನಗೂ ಹೇಳಿದ್ದಾರೆ. ಸತ್ತವರ ಮುಖ ಅದು. ಇನ್ನು ಮೂವತ್ತು ವರ್ಷ ಗೋಡೆ ಮೇಲೆ ಇರ್ತದೆ. ನೋಡದ ಮೊಮ್ಮಕ್ಕಳಿಗೆ ಅದೇ ಅಜ್ಜ. ಆ ಮಗುವಿಗೆ ತನ್ನದೇ ಅಗಲ ಮೂಗು ಎಲ್ಲಿಂದ ಬಂತು ಅಂತ ಗೊತ್ತಾಗುವ ಒಂದೇ ಒಂದು ಸಾಕ್ಷಿಯನ್ನು ದುಡ್ಡು ತೆಗೊಂಡು ಅಳಿಸಿಬಿಟ್ಟಂತೆ. ಬೇಕಾದರೆ ಬೆಳಕು ಚೆನ್ನಾಗಿ ಕೊಡಿ, ಒಳ್ಳೆ ಕೋನ ಹುಡುಕಿ, ತಲೆ ಬಾಚಿಸಿ. ಅದು ಗೌರವ. ಮುಖ ಬದಲಿಸುವುದು ಬೇರೆ.

ಇಟಲಿಯಲ್ಲಿ ಉರ್ಬಿನೋದ ಡ್ಯೂಕ್ ಫೆದೆರಿಗೋ ಅಂತ ಒಬ್ಬ. ಪಂದ್ಯದ ಕಾಳಗದಲ್ಲಿ ಬಲಗಣ್ಣು ಹೋಗಿತ್ತು. ಪಿಯೆರೋ ದೆಲ್ಲಾ ಫ್ರಾಂಚೆಸ್ಕಾ 1470ರ ದಶಕದಲ್ಲಿ ಅವನನ್ನು ಎಡಪಕ್ಕದಿಂದ ಬಿಡಿಸಿದ, ಕಣ್ಣಿನ ಗಾಯ ಕಾಣುದಿಲ್ಲ. ಆದರೆ ಮೂಗಿನ ಬುಡದಲ್ಲಿ ತುಂಡು ಹೋದ ತಗ್ಗು, ಕೊಕ್ಕಿನಂಥ ಮೂಗು, ಕೆನ್ನೆಯ ಮಚ್ಚೆಗಳು ಎಲ್ಲ ಇದ್ದ ಹಾಗೆಯೇ ಉಂಟು. ಪಕ್ಕ ಆರಿಸಿಕೊಂಡ, ಗೆರೆ ತಿದ್ದಲಿಲ್ಲ. ದುಡ್ಡು ಕೊಡುವ ಡ್ಯೂಕಿಗೇ ಇಲ್ಲದ ನಾಚಿಕೆ ನಿಮ್ಮ ಗಿರಾಕಿಗೆ ಎಂತಕೆ?

"ಅದು ವಿದೇಶದ್ದು, ನಮ್ಮ ಕಲೆಯಲ್ಲಿ ಎಲ್ಲರನ್ನೂ ಸುಂದರ ಮಾಡಿಯೇ ತೋರಿಸುದು" ಅಂತ ಹೇಳುವವರೂ ಇದ್ದಾರೆ. ವೇಣೂರಿನ ಗೊಮ್ಮಟನನ್ನು ಉದಾಹರಣೆ ಕೊಡ್ತಾರೆ. 1604ರಲ್ಲಿ ನಿಲ್ಲಿಸಿದ ಆ ಮೂರ್ತಿ ಬಾಹುಬಲಿಯದ್ದು, ವೇಣೂರಿನ ಯಾರೋ ಒಬ್ಬರ ಪೋರ್ಟ್ರೇಟ್ ಅಲ್ಲ. ದೇವರಿಗೆ, ತೀರ್ಥಂಕರರಿಗೆ ಲಕ್ಷಣ ಇರ್ತದೆ, ಇರಲಿ. ಮನುಷ್ಯರ ಚಿತ್ರ ನೋಡಬೇಕಾದರೆ ಮೊಘಲರದ್ದು ನೋಡಿ. 1618ರಲ್ಲಿ ಜಹಾಂಗೀರನ ಆಸ್ಥಾನದ ಇನಾಯತ್ ಖಾನ್ ಅಫೀಮು, ಮದ್ಯದಿಂದ ಎಲುಬು ಚರ್ಮ ಆಗಿ ಸಾಯಲಿಕ್ಕೆ ಬಿದ್ದಿದ್ದ. ಬಾದಶಹ ಚಿತ್ರಕಾರರನ್ನು ಕರೆಸಿ ಬಿಡಿಸಿ ಅಂದ. ದಿಂಬಿಗೆ ಒರಗಿದ ಆ ಮುಖ ಪಕ್ಕದಿಂದಲೇ ಉಂಟು: ಒಳಗೆ ಹೋದ ಕೆನ್ನೆ, ಎದ್ದ ಮೂಗು, ಎಣಿಸಬಹುದಾದ ಪಕ್ಕೆಲುಬು. ಆ ಚಿತ್ರ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಸಾಯುವವನ ಫೋಟೋ ತೆಗೆದ ಹಾಗೆ ಇದು ಕ್ರೂರ ಅಂತ ನನಗೂ ಅನಿಸ್ತದೆ. ಆದರೂ ನಾನೂರು ವರ್ಷದ ಮೇಲೆ ಇನಾಯತ್ ಖಾನ್ ಇನಾಯತ್ ಖಾನನೇ ಆಗಿ ಉಳಿದಿದ್ದಾನೆ.

7/7
ಹಾಗಾದರೆ ಈ ವಾರ ಟ್ರೇಸಿಂಗ್ ಬೇಡ, ಫಿಲ್ಟರ್ ಹಾಕಿದ ಫೋಟೋ ಬೇಡ. ಎಐಗೆ ಕೊಟ್ಟು ತೆಗೆದ "ರಿಯಲಿಸ್ಟಿಕ್" ಅಂತೂ ಬೇಡವೇ ಬೇಡ. ಸೆಲ್ಫಿ ನಂಬಿ ಕೂರಬೇಡಿ, ಕೈಯಳತೆಯಿಂದ ತೆಗೆದದ್ದರಲ್ಲಿ ಮೂಗು ಇದ್ದದ್ದಕ್ಕಿಂತ ದೊಡ್ಡದು ಕಾಣ್ತದೆ, ಅದಕ್ಕೇ ಅರ್ಧ ಜನಕ್ಕೆ ತಮ್ಮ ಮೂಗಿನ ಮೇಲೆ ಸಿಟ್ಟು.

ಮನೆಯಲ್ಲಿ ಒಬ್ಬರನ್ನು ಕೇಳಿ, "ಅಜ್ಜಿ, ಅರ್ಧ ಗಂಟೆ ಆಚೆ ನೋಡಿಕೊಂಡು ಕೂತುಕೊಳ್ತೀರಾ" ಅಂತ. ಆರು ಅಡಿ ದೂರ ಕೂರಿ. ಪೆನ್ಸಿಲ್ ಕೈನೀಳ ಹಿಡಿದು ಒಂದು ಕಣ್ಣು ಮುಚ್ಚಿ ಅಳೆಯಿರಿ, ಹುಬ್ಬಿನಿಂದ ಮೂಗಿನ ಬುಡ ಎಷ್ಟು, ಅಲ್ಲಿಂದ ಗಲ್ಲ ಎಷ್ಟು. ಮೊದಲ ಹತ್ತು ನಿಮಿಷ ಆ ಒಂದು ಗೆರೆ ಮಾತ್ರ. ರಬ್ಬರ್ ಒಳಗಿನ ಕೋಣೆಯಲ್ಲಿ ಇಟ್ಟು ಬನ್ನಿ. ಅವರು ನಡುವಲ್ಲಿ ಮಾತಾಡ್ತಾರೆ, ಕೆಮ್ಮುತ್ತಾರೆ, ಎಲೆ ಹಾಕಲಿಕ್ಕೆ ಏಳ್ತಾರೆ. ಪರವಾಗಿಲ್ಲ.

ಮುಗಿದ ಮೇಲೆ ಅವರಿಗೇ ಮೊದಲು ತೋರಿಸಿ. "ಅಯ್ಯೋ, ನನ್ನ ಮೂಗು ಇಷ್ಟು ದೊಡ್ಡದಾ" ಅಂತ ಕೇಳಿದರೆ ಹೌದು ಅಂತ ಹೇಳಿ. ನಿಮ್ಮ ಅಮ್ಮನದ್ದೂ ಹೀಗೇ ಇತ್ತಾ ಅಂತ ಕೇಳಿ ನೋಡಿ, ಆ ಹೊತ್ತಿಗೆ ಫೋನ್ ದೂರ ಇಡಿ. ಆದಿತ್ಯವಾರದ ಒಳಗೆ ಬಿಡಿಸಿ ಹಾಕಿ, ನನ್ನನ್ನು ಟ್ಯಾಗ್ ಮಾಡಿ.

#ಮಡಂತ್ಯಾರು #ಸೈಡ್‌ಫೇಸ್ #ಮೂಗುತಿದ್ದಬೇಡಿ #ಕನ್ನಡಕಲಾವಿದರು