ತೊಟ್ಟಿಲ ಹೆಸರು, ಕಚೇರಿಯ ಹೆಸರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಮನೆಗಳಲ್ಲಿ ಮಗುವಿಗೆ ನಾಮಕರಣವಾಗುವ ಮೊದಲೇ ಪುಟ್ಟ, ಪುಟ್ಟಿ, ಮರಿ, ಪಾಪು ಎಂಬ ಮುದ್ದಿನ ಹೆಸರೊಂದು ಹುಟ್ಟಿಕೊಂಡಿರುತ್ತದೆ. ಈ ತೊಟ್ಟಿಲ ಹೆಸರು ಕಚೇರಿಯವರೆಗೂ ಬರಬಹುದೆ?

ಬಂದು ಬೆಳಗಿದ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರಲ್ಲಿ ಜನಿಸಿದ ಸೀತಾರಾಮ ಶರ್ಮರು ಪುಟ್ಟಣ್ಣ ಕಣಗಾಲ್ ಎಂದೇ ಚಿತ್ರರಂಗದಲ್ಲಿ ಹೆಸರಾದರು. 1985ರಲ್ಲಿ ಅವರು ಕಾಲವಾದ ಬಳಿಕ, ರಾಜ್ಯ ಸರ್ಕಾರ ನಿರ್ದೇಶಕರಿಗೆ ನೀಡುವ ಪ್ರಶಸ್ತಿಗೂ ಆ ಹೆಸರೇ ಬಂದಿತು. ಪಾಂಡವಪುರದ ರೈತನಾಯಕ, 2018ರಲ್ಲಿ ಅಗಲಿದ ಕೆ.ಎಸ್. ಪುಟ್ಟಣ್ಣಯ್ಯನವರ ಹೆಸರನ್ನೇ ನೋಡಿರಿ. 'ಪುಟ್ಟ'ನಿಗೆ 'ಅಣ್ಣ'ನೂ 'ಅಯ್ಯ'ನೂ ಕೂಡಿ, ಮಮತೆಯ ಜೊತೆಗೇ ಗೌರವವೂ ನೆಲೆಸಿದೆ.

ಆದರೆ ಆ ಗೌರವವಿಲ್ಲದ ಬರಿಯ ಸಲಿಗೆ ನೋಯಿಸುತ್ತದೆ. ಅಜ್ಜಿ ಜಗಲಿಯಲ್ಲಿ 'ಮರಿ' ಎಂದರೆ ವಾತ್ಸಲ್ಯ. ಮಕ್ಕಳ ಮುಂದೆ ಪಾಠ ಹೇಳುವ ಉಪಾಧ್ಯಾಯಿನಿಯನ್ನು ನೆಂಟರು ಹಾಗೆ ಕೂಗಿದರೆ ಆಕೆಗೆ ಮುಜುಗರ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಆದರಂತೂ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಹಿಡಿದು ಅಲೆಯುವ ಪಾಡು.

ಆದುದರಿಂದ ತಂದೆತಾಯಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಶಾಲೆಗೆ ಸೇರಿಸುವಾಗ ಇಟ್ಟ ಹೆಸರನ್ನೇ ಬರೆಯಿಸಿರಿ, ಕರೆಯುವ ಹೆಸರು ಮನೆಯಲ್ಲಿರಲಿ. ಬೆಳೆದ ಮಗ ಅಥವಾ ಮಗಳು ಅದನ್ನು ತಾನಾಗಿ ಹೊರಗೆ ಕೊಂಡೊಯ್ದರೆ ಹರಸೋಣ. ಅವರು ಒಲ್ಲೆನೆಂದರೆ, ನಾಲ್ಕು ಜನರ ನಡುವೆ ನಾವೂ ಅವರನ್ನು ಪೂರ್ಣ ಹೆಸರಿನಿಂದಲೇ ಕರೆಯೋಣ.