ಮನೆಬಾಗಿಲಿನ ಆರೋಗ್ಯಸೇವೆ: ಹೊಣೆ ಯಾರದು?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನೀರು ನೆರಳುಗಳ ಏರ್ಪಾಡು ತಪ್ಪಿದರೆ ಸಾವಿರ ಕಣ್ಣುಗಳು ಕಾಣುತ್ತವೆ. ಅಧಿಕಾರಿಗಳು ಅಂದೇ ಉತ್ತರ ಹೇಳಬೇಕಾಗುತ್ತದೆ. ಅದೇ ಸೀಮೆಯ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಗೆ ಮಾತ್ರೆ ಮುಟ್ಟದಿದ್ದರೆ ಕಾಣುವವರಾರು? ಮನೆಯೊಳಗಣ ಸೇವೆಯ ಕಷ್ಟವೆಲ್ಲವೂ ಇಲ್ಲಿಯೇ ಇದೆ.

2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯು 30 ವರ್ಷ ಮೀರಿದವರ ರಕ್ತದೊತ್ತಡ, ಮಧುಮೇಹ ಮೊದಲಾದುವನ್ನು ಮನೆಬಾಗಿಲಲ್ಲಿಯೇ ಪರೀಕ್ಷಿಸತಕ್ಕುದು. ಉದ್ದೇಶವು ಶ್ಲಾಘ್ಯವೇ ಸರಿ. ಆದರೆ ಪರೀಕ್ಷೆಗೊಳಗಾದವರ ಸಂಖ್ಯೆಯನ್ನೇ ಯಶಸ್ಸೆನ್ನಲು ನಾವು ಒಪ್ಪಲಾರೆವು. ರೋಗ ಕಂಡವನಿಗೆ ತಿಂಗಳು ತಿಂಗಳೂ ಔಷಧ ದೊರೆಯಿತೆ, ಒತ್ತಡ ಇಳಿಯಿತೆ ಎಂಬುದೇ ಒರೆಗಲ್ಲು. ಮೇಲಿನವರು ಲೆಕ್ಕ ಕೇಳಿದರೆ ಕೆಳಗಿನವರು ಲೆಕ್ಕವನ್ನೇ ಒಪ್ಪಿಸುವರು. ರೋಗಿಯ ಕ್ಷೇಮವನ್ನು ಕೇಳಿದರೆ ಕ್ಷೇಮಕ್ಕಾಗಿ ದುಡಿಯುವರು.

ದುಡಿಯುವವರ ಕ್ಷೇಮವನ್ನೂ ಕೇಳಬೇಡವೆ? ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಗೌರವಧನದ ಸಲುವಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ದುಡಿಮೆಯನ್ನು ಪಡೆದು ಅಹವಾಲನ್ನು ಕೇಳದಿರುವುದು ಆಡಳಿತವೆನಿಸದು.

ನೆರೆಯ ಕೇರಳವು 2008ರ ಉಪಶಮನ ಶುಶ್ರೂಷಾ ನೀತಿಯ ಮೂಲಕ ಗೃಹಶುಶ್ರೂಷೆಯಲ್ಲಿ ಸ್ಥಳೀಯ ಸಂಸ್ಥೆಗಳನ್ನು ಹೊಣೆಗಾರರನ್ನಾಗಿ ಮಾಡಿತು. ಉತ್ತರ ಹೇಳತಕ್ಕವರು ಊರಿನಲ್ಲಿಯೇ ಇದ್ದರೆ ಕೇಳುವುದು ಸುಲಭ.

ದೊಡ್ಡಬಳ್ಳಾಪುರ ತಾಲ್ಲೂಕಿನ ಆರೋಗ್ಯಾಧಿಕಾರಿಗಳಿಗೆ ನಮ್ಮ ಸೂಚನೆ ಇಷ್ಟೆ: ವಾರಕ್ಕೊಮ್ಮೆ ರಿಜಿಸ್ಟರನ್ನು ಬದಿಗಿಟ್ಟು ನಾಲ್ಕು ಮನೆಗಳ ಹೊಸ್ತಿಲು ತುಳಿಯಲಿ, ಕಂಡ ಕೊರತೆಗಳನ್ನು, ರೋಗಿಗಳ ಹೆಸರೆತ್ತದೆ, ಗ್ರಾಮಸಭೆಯ ಮುಂದಿಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಮನಸ್ಸಿದ್ದರೆ ಸಾಕು.